ಲಿಬೂರ್ನಿನ ಪೀಪಾಯಿಗಳೂ ಬಾಗೇವಾಡಿಯ ಸೊಸೆಯೂ

ಬಾಗೇವಾಡಿ ರೋಡ್ ಸ್ಟೇಷನ್

ಫ್ರಾನ್ಸ್ ದೇಶಕ್ಕೆ ಹೋಗಿ ಬಂದು ಮೂರು ವರ್ಷವಾಯಿತು. ಇವತ್ತಿಗೂ ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ಯಾವ ಹೆಣ್ಣುಮಗಳು ಎದುರು ಸಿಕ್ಕರೂ ಮೊದಲು ಕೇಳುವುದು ಒಂದೇ ಮಾತು: ಅಲ್ಲಿದ್ದಾಗ ಕುಡಿದೆಯೋ ಇಲ್ಲವೋ. ಪ್ಯಾರಿಸ್ಸಿನ ಕಬ್ಬಿಣದ ಗೋಪುರ ಹೇಗಿದೆ ಎಂದು ಒಬ್ಬರೂ ಕೇಳಿಲ್ಲ. ಕೇಳಿದರೂ ಹೇಳಲು ನನ್ನ ಹತ್ತಿರ ಏನೂ ಇಲ್ಲ, ನಾನು ಅದನ್ನು ನೋಡಿಯೇ ಇಲ್ಲ. ನಾನು ನೋಡಿದ್ದು ಒಂದು ಹೊಳೆ, ಹೊಳೆಯ ದಂಡೆಗೆ ಒಂದು ಮನೆ, ಆ ಮನೆಯ ಕೆಳಗೆ ಸಾಲಾಗಿ ಮಲಗಿದ್ದ ವೈನಿನ ಪೀಪಾಯಿಗಳು. ಕುಡಿಯಲಿಲ್ಲ ಎಂದರೆ ನಂಬುವವರು ಕಡಿಮೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ನಮ್ಮ ಯಜಮಾನರು ಬೇಸಾಯ ಖಾತೆಯಲ್ಲಿ ನೌಕರಿ. ಮೊದಲು ಸಿಂದಗಿಯಲ್ಲಿದ್ದರು, ಆಮೇಲೆ ಇಂಡಿಗೆ ವರ್ಗವಾಯಿತು. ಇಂಡಿಯ ಕಡೆ ಒಬ್ಬಿಬ್ಬರು ಬಾವಿನೀರಿನ ಮೇಲೆ ದ್ರಾಕ್ಷಿ ಹಚ್ಚಿ ನೋಡುತ್ತಿದ್ದ ಕಾಲ ಅದು. ಎಲೆಗೆ ಬೂದಿ ಬಿದ್ದು ಬಳ್ಳಿಗಳು ಸೊರಗುತ್ತಿದ್ದವು. ಆ ರೋಗದ ಅಭ್ಯಾಸಕ್ಕೆಂದು ಇವರನ್ನು ಒಂದು ವರ್ಷದ ಮಟ್ಟಿಗೆ ಫ್ರಾನ್ಸಿಗೆ ಆರಿಸಿದರು. ನನ್ನನ್ನು ಕರೆದುಕೊಂಡು ಹೋಗುವ ವಿಚಾರ ಇವರಿಗೆ ಇರಲಿಲ್ಲ. ರೊಟ್ಟಿ ಇಲ್ಲದೆ ಒಂದು ದಿನ ಕಳೆಯದ ಮನುಷ್ಯ ವರ್ಷವಿಡೀ ಏನು ತಿಂದು ಬದುಕಬೇಕು ಎಂದು ನಮ್ಮ ಅತ್ತೆಯವರೇ ನನ್ನನ್ನು ಗಂಟುಹಾಕಿ ಕಳಿಸಿದರು.

ಇಳಿದುಕೊಳ್ಳುವ ಮನೆ ವೈನ್ ವ್ಯಾಪಾರಸ್ಥರದು ಎಂದು ಗೊತ್ತಾದಾಗ ಮಾತ್ರ ಮನೆಯಲ್ಲಿ ಸ್ವಲ್ಪ ಗದ್ದಲವಾಯಿತು. ಮದ್ಯಕ್ಕೆ ನಿಷೇಧವಿದ್ದ ದಾರೂಬಂದಿ ಕಾಲದಲ್ಲಿ ಬೆಳೆದವರು ನಾವು. ಸೆರೆ ಮಾರುವವರ ಮಾಳಿಗೆಯ ಮೇಲೆ ಸಂಸಾರ ಹೂಡುವುದೆಂದರೇನು ಎಂದು ಮಾವನವರು ಊಟ ಬಿಟ್ಟು ಕುಳಿತರು. ಅತ್ತೆಯವರು ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ರೈಲಿಗೆ ಕೂಡಿಸುವಾಗ ಕಿಟಕಿಯ ಹತ್ತಿರ ಬಂದು ಹೇಳಿದರು: "ಅವ್ರ ಧಂದೇ ಅವ್ರಿಗೆ. ನೀ ಬಾಯಾಗ ಹಾಕ್ಕೋಬ್ಯಾಡ, ಅಷ್ಟ. ಕೆಲಸಕ್ಕ ಕರದ್ರ ಹೋಗು, ಕೂತ ಕಾಲ ಕಳೀಬ್ಯಾಡ."

ಈ ಎರಡು ಮಾತನ್ನೂ ನಾನು ಚಾಚೂ ತಪ್ಪದೆ ನಡೆಸಿದೆ. ನಡೆಸಿದ್ದರಿಂದಲೇ ಮುಂದಿನದೆಲ್ಲ ಆಯಿತು.

ಮಾರ್ಸೇಲ್ಸ್ ಬಂದರು

ಹಡಗಿನ ಬಗ್ಗೆ ಬರೆಯುವುದಿಲ್ಲ. ಮುಂಬಯಿ ಬಿಟ್ಟ ಮೇಲೆ ಸುಯೆಜ್ ತನಕ ನಾನು ಹಾಸಿಗೆಯಲ್ಲೇ ಇದ್ದೆ, ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ, ಅಷ್ಟು ಸಾಕು.

ಮಾರ್ಸೇಲ್ಸಿನಲ್ಲಿ ಇಳಿದಾಗ ಜಕಾತಿಯವರು ನಮ್ಮ ಟ್ರಂಕು ಬಿಚ್ಚಿದರು. ಜೋಳದ ಹಿಟ್ಟು ನೋಡಿದರು, ಸುಮ್ಮನಾದರು. ಶೇಂಗಾ ಹಿಂಡಿಯ ಖಾರದ ಚಟ್ನಿಪುಡಿ ಮೂಸಿ ಸೀನಿದರು, ಅದನ್ನೂ ಬಿಟ್ಟರು. ಆದರೆ ಅರಿವೆಯಲ್ಲಿ ಸುತ್ತಿಟ್ಟಿದ್ದ ವಿಭೂತಿ ಗಟ್ಟಿಗಳನ್ನು ಕಂಡದ್ದೇ ಒಬ್ಬನ ಮುಖ ಬದಲಾಯಿತು. ಬೆರಳಿನಿಂದ ಉಜ್ಜಿದ, ಮೂಸಿದ, ನಾಲಿಗೆಯ ತುದಿಗೆ ಹಚ್ಚಿದ, ಇನ್ನೊಬ್ಬನನ್ನು ಕರೆದ. ಹಣೆಗೆ ಹಚ್ಚುವುದು ಎಂದು ಇವರು ಈ ಪ್ರಯಾಣಕ್ಕೆಂದೇ ಕಲಿತ ಫ್ರೆಂಚಿನಲ್ಲಿ ಕೈಸನ್ನೆ ಬೆರೆಸಿ ಹೇಳಿದರೆ ಯಾರು ನಂಬಬೇಕು? ಹಚ್ಚಿ ತೋರಿಸಿ ಎಂದ. ಕೋಟು, ಟೈ, ಹೊಸ ಬೂಟು ಹಾಕಿಕೊಂಡಿದ್ದ ನಮ್ಮವರು ಬಂದರಿನ ನಡುವೆ ನಿಂತು ಹಣೆಯ ತುಂಬ ಮೂರು ಪಟ್ಟೆ ಎಳೆದುಕೊಂಡರು. ಆತ ಸಮಾಧಾನದಿಂದ ಟ್ರಂಕು ಮುಚ್ಚಿದ.

ತೊಳೆದುಕೊಳ್ಳಲು ಅಲ್ಲೆಲ್ಲೂ ನೀರು ಸಿಗಲಿಲ್ಲ. ಒಣ ಕರವಸ್ತ್ರದಿಂದ ಉಜ್ಜಿದರೆ ಪಟ್ಟೆ ಇನ್ನಷ್ಟು ಹರಡಿತು. ರೈಲು ಸ್ಟೇಷನ್ನಿನವರೆಗೆ ಹಾಗೆಯೇ ನಡೆದೆವು. ದಾರಿಯ ಮೇಲೆ ಒಬ್ಬ ಮುದುಕಿ ಇವರನ್ನು ಕಂಡು ಶಿಲುಬೆಯ ಗುರುತು ಮಾಡಿಕೊಂಡಳು. ಬಾಗೇವಾಡಿಯಲ್ಲಿ ದಿನಾ ಹಚ್ಚುವವರು ನಾಚಿದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಅದಕ್ಕೆ ನಕ್ಕು ಬೈಸಿಕೊಂಡೆ.

ಹೊಳೆದಂಡೆಯ ಮನೆ

ನಾವು ಇಳಿದುಕೊಂಡ ಲಿಬೂರ್ನ್ ಎರಡು ಹೊಳೆ ಕೂಡುವ ಊರು. ಸಮುದ್ರ ದೂರವಿದ್ದರೂ ಅದರ ಉಬ್ಬರ ಅಲ್ಲಿಯ ತನಕ ಬರುತ್ತದೆ. ಬೆಳಿಗ್ಗೆ ಮುಂದಕ್ಕೆ ಹರಿದ ನೀರು ಮಧ್ಯಾಹ್ನ ಹಿಂದಕ್ಕೆ ಹರಿಯುತ್ತದೆ. ಕೃಷ್ಣೆಯನ್ನು ನೋಡಿ ಬೆಳೆದ ನನಗೆ ಇದು ಸರಿಬರಲಿಲ್ಲ. ಹೊಳೆ ಎಂದ ಮೇಲೆ ಒಂದು ಕಡೆಗೆ ಹೋಗಬೇಕು.

ಮನೆತನದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವರು ಇನ್ನೂ ವ್ಯಾಪಾರದಲ್ಲಿದ್ದಾರೆ. ನಾನು ಅದನ್ನು ಹೊಳೆದಂಡೆಯ ಮನೆ ಎನ್ನುತ್ತಿದ್ದೆ. ಒಡತಿ ಮದಾಮ್ ಜರ್ಮೇನ್, ಅರವತ್ತರ ವಿಧವೆ, ಕರಿಯ ಉಡುಪು, ಸೊಂಟಕ್ಕೆ ಕೀಲಿಕೈ ಗೊಂಚಲು. ಮಗಳು ಸಿಮೋನ್, ಮೂವತ್ತರ ಆಚೆ ಈಚೆ, ಮದುವೆಯಾಗಿಲ್ಲ. ಗಂಡಸರೆಂದರೆ ಮಂಡಿ ಹಿಡಿದುಕೊಂಡ ಒಬ್ಬ ಮುದುಕ ಕೆಲಸದಾಳು. ಮೇಲಿನ ಅಂತಸ್ತಿನಲ್ಲಿ ಎರಡು ಕೋಣೆ ನಮಗೆ ಕೊಟ್ಟರು. ಸಿಮೋನಳಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು, ನನ್ನದು ಮುದ್ದೇಬಿಹಾಳದ ಹೈಸ್ಕೂಲಿನ ಇಂಗ್ಲಿಷ್. ಎರಡೂ ಸೇರಿ ಹೇಗೋ ಒಂದು ಭಾಷೆಯಾಯಿತು. ಮದಾಮ್ ಮಾತ್ರ ಫ್ರೆಂಚ್ ಬಿಟ್ಟು ಬೇರೆ ಆಡುತ್ತಿರಲಿಲ್ಲ, ಅವರ ಮಾತಿಗೆಲ್ಲ ನಮ್ಮವರೇ ಬೇಕು. ಅವರಾಡಿದ್ದನ್ನು ನಾನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ನನಗೆ ಕೇಳಿಸಿದ್ದೂ ಹಾಗೆಯೇ.

ಮೊದಲ ದಿನ ರೊಟ್ಟಿ ಬಡಿಯಲು ಕುಳಿತೆ. ನಾಲ್ಕು ಬಡಿಯುವುದರೊಳಗೆ ಮದಾಮ್ ಕೋಲು ಹಿಡಿದು ಮೇಲೆ ಬಂದು ಬಾಗಿಲಲ್ಲಿ ನಿಂತರು. ಗಂಡ ಹೆಂಡತಿಯನ್ನು ಹೊಡೆಯುತ್ತಿದ್ದಾನೆ ಎಂದು ತಿಳಿದಿದ್ದರು. ನಮ್ಮವರು ಮೂಲೆಯಲ್ಲಿ ಕುಳಿತು ಪೇಪರ್ ಓದುತ್ತಿದ್ದರು. ಮದಾಮ್ ರೊಟ್ಟಿಯನ್ನು ನೋಡಿದರು, ನನ್ನ ಕೈ ನೋಡಿದರು, ಒಂದು ತುಂಡು ಮುರಿದು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಮೂಸಿದರು, ಆಮೇಲೆ ತಿಂದರು. ಅಂದಿನಿಂದ ದಿನಾ ಒಂದು ರೊಟ್ಟಿ ಕೆಳಗೆ ಹೋಗುವುದು ರೂಢಿಯಾಯಿತು. ಜೋಳದ ಹಿಟ್ಟು ತೀರಿದ ದಿನ ನನಗಿಂತ ಅವರೇ ಹೆಚ್ಚು ಮುಖ ಸಣ್ಣ ಮಾಡಿದರು.

ಅಲ್ಲಿಯ ರೂಢಿಗಳಿಗೆ ಹೊಂದಿಕೊಳ್ಳಲು ಹೊತ್ತು ಹಿಡಿಯಿತು. ಮಾರುದ್ದದ ಬ್ರೆಡ್ಡನ್ನು ಕಂಕುಳಲ್ಲಿ ಅವುಚಿಕೊಂಡು ಬೀದಿಯಲ್ಲಿ ನಡೆಯುತ್ತಾರೆ, ಮನೆಗೆ ಬಂದು ಹಾಗೆಯೇ ಮೇಜಿನ ಮೇಲಿಟ್ಟು ಕೊಯ್ಯುತ್ತಾರೆ. ಮುಸುರೆ ಮೈಲಿಗೆ ಎಂಬ ಮಾತೇ ಇಲ್ಲ. ಕಂಡವರೆಲ್ಲ ಗಲ್ಲಕ್ಕೆ ಗಲ್ಲ ಹಚ್ಚುತ್ತಾರೆ. ನಾನು ಕೈ ಮುಗಿದು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಇಡೀ ಲಿಬೂರ್ನ್ ನನ್ನನ್ನು ಬಹಳ ದೈವಭಕ್ತೆ ಎಂದು ತಿಳಿದುಕೊಂಡಿತು.

ಗೋಡೆಯ ಮೇಲಿನ ಗಡ್ಡದವರು

ಕೆಳಗಿನ ಊಟದ ಕೋಣೆಯ ಗೋಡೆಯ ಮೇಲೆ ದೊಡ್ಡ ದೊಡ್ಡ ಚಿತ್ರಗಳು. ಎಲ್ಲರೂ ಗಡ್ಡದವರು, ಎಲ್ಲರೂ ಗಂಡಸರು. ರವಿವಾರ ಊಟವಾದ ಮೇಲೆ ಮದಾಮ್ ಒಬ್ಬೊಬ್ಬರನ್ನೇ ಪರಿಚಯ ಮಾಡಿಕೊಡುತ್ತಿದ್ದರು, ಬದುಕಿರುವವರನ್ನು ತೋರಿಸಿದ ಹಾಗೆ.

ಮೊದಲಿನವನು ಬಡಿಗ. ಹೊಳೆಯ ದಂಡೆಗೆ ಪೀಪಾಯಿ ಮಾಡುತ್ತಿದ್ದ. ಮೇಲಿನ ಹಳ್ಳಿಗಳ ರೈತರು ವೈನನ್ನು ದೋಣಿಯಲ್ಲಿ ತಂದು, ಹಡಗು ಬರುವ ತನಕ ಅವನ ಗುಡಿಸಲಲ್ಲಿ ಇಟ್ಟು ಹೋಗುತ್ತಿದ್ದರು. ಸೋರಿದ ಪೀಪಾಯಿಗೆ ಪಟ್ಟಿ ಬಡಿಯುತ್ತ, ಕಡಿಮೆಯಾದದ್ದನ್ನು ತುಂಬುತ್ತ ಅವನಿಗೆ ಯಾರ ವೈನ್ ಎಂಥದು ಎಂದು ಗೊತ್ತಾಯಿತು. ಹಡಗಿನವರು ಅವನನ್ನೇ ಕೇಳತೊಡಗಿದರು. ಹಾಗೆ ಬಡಿಗ ವ್ಯಾಪಾರಿಯಾದ. ಆ ಮನೆತನಕ್ಕೆ ಅಂದಿನಿಂದ ಇಂದಿನವರೆಗೆ ಸ್ವಂತದ್ದೆಂದು ಒಂದು ಬಳ್ಳಿಯೂ ಇಲ್ಲ. ಇದು ನನಗೆ ಸುಲಭವಾಗಿ ತಿಳಿಯಿತು. ರೈತರ ಮಾಲು ಮಾರಿಸಿಕೊಡುವ ಸಿಂದಗಿ ಪೇಟೆಯ ಅಡತಿ ಅಂಗಡಿಯವರು ಊರ ತೊಗರಿಯನ್ನೆಲ್ಲ ಅಂಗೈಯಲ್ಲಿ ಹಿಡಿದು ನೋಡಿ ಇದು ಯಾವ ಹಳ್ಳಿಯದು ಎನ್ನುತ್ತಾರೆ, ಅವರಿಗೆಲ್ಲ ಹೊಲ ಇರುತ್ತದೆಯೇ?

ಅವನ ಮೊಮ್ಮಗನ ಕಾಲಕ್ಕೆ ಬಳ್ಳಿಯ ಬೇರಿಗೆ ಒಂದು ಹುಳು ಬಿತ್ತು. ದೇಶದ ದ್ರಾಕ್ಷಿ ತೋಟಗಳೆಲ್ಲ ಒಣಗಿದವು. ಬೇರೆ ವ್ಯಾಪಾರಸ್ಥರು ಒಣದ್ರಾಕ್ಷಿ ನೆನೆಹಾಕಿ, ಸಕ್ಕರೆ ಬಣ್ಣ ಬೆರೆಸಿ ಅದನ್ನೇ ವೈನ್ ಎಂದು ಮಾರಿದರು. ಈತ ಮಾರಲಿಲ್ಲ. ಅಜ್ಜನ ಉಳಿ ಬಾಚಿ ತೆಗೆದು ಮತ್ತೆ ಪೀಪಾಯಿ ಮಾಡಲು ಕುಳಿತ, ಉಪ್ಪುಮೀನು ತುಂಬುವ ಪೀಪಾಯಿ. ಆ ಮನೆಯ ಮಕ್ಕಳಿಗೆ ಶಾಲೆಯಲ್ಲಿ ಮೀನಿನ ಮಕ್ಕಳು ಎಂದೇ ಹೆಸರು ಬಿತ್ತು. ಬಳ್ಳಿ ಮತ್ತೆ ಚಿಗುರಿದಾಗ ರೈತರು ಮೊದಲು ಬಂದದ್ದು ಇವನ ಬಾಗಿಲಿಗೆ.

ಕೊನೆಯ ಚಿತ್ರ ಮದಾಮರ ಗಂಡನದು. ಯುದ್ಧಕ್ಕೆ ಹೋದವರು ತಿರುಗಿ ಬರಲಿಲ್ಲ. ಜರ್ಮನ್ ಸೈನ್ಯ ಊರಿಗೆ ಬಂದಾಗ ಮದಾಮ್ ಒಬ್ಬರೇ ಇದ್ದರು, ಸಿಮೋನ್ ಚಿಕ್ಕ ಹುಡುಗಿ. ಒಳ್ಳೆಯ ವೈನ್ ಇದ್ದ ಪೀಪಾಯಿಗಳ ಬಿರಡೆಗಳಿಗೆಲ್ಲ ವಿನೆಗರ್ ಸವರಿ ಇಟ್ಟರು. ಅಧಿಕಾರಿಗಳು ಬಂದು ಮೂಸಿ, ಇದು ಹುಳಿಯಾಗಿದೆ ಎಂದು ಬೇರೆ ಸಾಲಿನದನ್ನು ಒಯ್ದರು. ಇದನ್ನು ಹೇಳುವಾಗ ಮದಾಮ್ ನಕ್ಕದ್ದನ್ನು ನೋಡಿದೆ. ಅವರು ನಗುವುದು ಅಪರೂಪ.

ಇಷ್ಟೆಲ್ಲ ಮಾಡಿದ ಹೆಂಗಸು ವೈನ್ ಕೂಡಿಸುವ ಕೆಲಸಕ್ಕೆ ಮಾತ್ರ ಕೈ ಹಾಕಿರಲಿಲ್ಲ. ಅದು ಆ ಮನೆಯ ಜೀವ. ನಮ್ಮವ್ವ ಮಸಾಲೆಖಾರಕ್ಕೆ ಒಂದೂರಿನ ಬಣ್ಣದ ಮೆಣಸಿನಕಾಯಿ, ಇನ್ನೊಂದೂರಿನ ಖಾರದ್ದು ಕೂಡಿಸುವ ಹಾಗೆ, ಬೇರೆ ಬೇರೆ ತೋಟದ ವೈನ್ ಇಷ್ಟಿಷ್ಟು ಕೂಡಿಸಿ ಆ ಮನೆಯದೇ ಒಂದು ರುಚಿ ತರಬೇಕು. ಗಂಡ ಸತ್ತ ಮೇಲೆ ಆ ಕೆಲಸ ಮೈದುನನಿಗೆ ಹೋಯಿತು. ನಾವು ಹೋಗುವ ಕೆಲವೇ ತಿಂಗಳ ಹಿಂದೆ ಅವರೂ ತೀರಿಕೊಂಡಿದ್ದರು.

ಈಗ ಇಬ್ಬರು ಉಳಿದರು. ಒಬ್ಬಳು ಸಿಮೋನ್, ಚಿಕ್ಕಂದಿನಿಂದ ಈ ಕಾಕಾನ ಬೆನ್ನು ಹತ್ತಿ ಕಣ್ಣು ಮುಚ್ಚಿ ಪೀಪಾಯಿ ಗುರುತಿಸಲು ಕಲಿತವಳು. ಇನ್ನೊಬ್ಬ ಕಾಕಾನ ಮಗ ಆಂದ್ರೆ. ಅವನು ಬೋರ್ಡೋ ನಗರದ ದೊಡ್ಡ ವ್ಯಾಪಾರಿಯೊಬ್ಬರ ಕಚೇರಿಯಲ್ಲಿದ್ದ. ಮನೆ ತನ್ನ ಕೈಗೆ ಬಂದರೆ ಹೆಸರು ಸಮೇತ ಅವರಿಗೆ ಮಾರಿಬಿಡುತ್ತೇನೆ ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದ. ಮದಾಮ್ ಇಬ್ಬರನ್ನೂ ಕೂಡಿಸಿಕೊಂಡು ಹೇಳಿಬಿಟ್ಟಿದ್ದರು: ಈ ಸಲ ವಸಂತದಲ್ಲಿ ವೈನ್ ಕೂಡಿಸಿದವರಿಗೆ ಮನೆ.

ಹಾಗಾದರೆ ಸಿಮೋನಳದೇ ಆಯಿತಲ್ಲ ಎಂದೆ ನಾನು ನಮ್ಮವರಿಗೆ. "ಆ ದಿನ ಆಕಿ ಇದ್ರ ಆತು" ಎಂದರು. ಹಾಗೆಂದರೇನು ಎಂದರೆ ಅವರಿಗೂ ಗೊತ್ತಿರಲಿಲ್ಲ, ಕೆಲಸದ ಮುದುಕ ಹಾಗೆ ಅಂದಿದ್ದನಂತೆ.

ನೆಲಮಾಳಿಗೆ

ಚಳಿಗಾಲಕ್ಕೆ ಮೊದಲೇ ಹೊಸ ವೈನ್ ಬಂದು ನೆಲಮಾಳಿಗೆ ತುಂಬಿತು. ನಾನು ಮೊದಲ ಸಲ ಇಳಿದಾಗ ಸಿಮೋನ್ ಮುಂದೆ ಮೇಣಬತ್ತಿ ಹಿಡಿದು ನಡೆದಳು. ದೀಪ ಆರಿದರೆ ಓಡಿ ಮೇಲೆ ಬರಬೇಕು, ವೈನ್ ಬಿಡುವ ಗಾಳಿಯಲ್ಲಿ ಮನುಷ್ಯ ಸಾಯುತ್ತಾನೆ ಎಂದು ಹೇಳಿದಳು. ಇದು ನನಗೆ ಹೊಸದಲ್ಲ. ನಮ್ಮಲ್ಲಿ ಜೋಳದ ಹಗೇವು ತೆಗೆದಾಗಲೂ ಮೊದಲು ಕಂದೀಲು ಇಳಿಬಿಟ್ಟು ನೋಡುತ್ತಾರೆ. ನಾನು ಹಾಗೆಂದಾಗ ಅವಳಿಗೆ ಬಹಳ ಸಂತೋಷವಾಯಿತು. ನೆಲದೊಳಗೆ ಜೋಳ ಇಡುವ ಜನರು ವೈನ್ ಯಾಕೆ ಇಡುವುದಿಲ್ಲ ಎಂದು ಕೇಳಿದಳು. ಕುಡಿಯುವುದಿಲ್ಲವಲ್ಲ ಎಂದೆ. ಅವಳಿಗೆ ಅದು ಸಾಕಾದ ಕಾರಣವಾಗಿ ಕಾಣಲಿಲ್ಲ.

ಪೀಪಾಯಿಯ ಮರ ವೈನ್ ಹೀರುತ್ತದೆ. ಮೇಲೆ ಗಾಳಿಗೆ ಜಾಗವಾದರೆ ವೈನ್ ಹುಳಿಯಾಗುತ್ತದೆ. ಅದಕ್ಕೆ ವಾರಕ್ಕೆರಡು ಸಲ ಬಿರಡೆ ತೆಗೆದು ಅದೇ ತೋಟದ ವೈನ್ ಹೊಯ್ದು ಕಂಠಮಟ ತುಂಬಬೇಕು. ಉಪ್ಪಿನಕಾಯಿ ಭರಣಿಯಲ್ಲಿ ಎಣ್ಣೆ ಮೇಲೆ ನಿಲ್ಲಬೇಕಲ್ಲ, ಅದೇ ಲೆಕ್ಕ. ಈ ಕೆಲಸ ಮಾಡುತ್ತಿದ್ದ ಮುದುಕ ಮೆಟ್ಟಿಲ ಮೇಲೆ ಜಾರಿ ಮಂಡಿ ಮುರಿದುಕೊಂಡು ಹಾಸಿಗೆ ಹಿಡಿದ. ಸಿಮೋನ್ ಒಬ್ಬಳೇ ಬಲಗಡೆ ಸಾಲು ನೋಡಿ, ಎಡಗಡೆಯದು ಮುಗಿಸುವುದರೊಳಗೆ ಸೋತು ಹೋಗುತ್ತಿದ್ದಳು. ನನಗೆ ಮೇಲೆ ಬೇರೆ ಕೆಲಸವೇನಿತ್ತು? ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಡಗಡೆಯ ಸಾಲು ನಾನು ಹಿಡಿದೆ.

ಮದಾಮ್ ಒಮ್ಮೆ ಬಂದು ಮೆಟ್ಟಿಲ ಮೇಲೆ ನಿಂತು ನಾನು ತುಂಬುವುದನ್ನು ನೋಡಿದರು. ಒಂದು ಹನಿ ಚೆಲ್ಲಲಿಲ್ಲ. ಭರಣಿ ತುಂಬಿ ಬೆಳೆದ ಕೈ ಅದು. ಮೆಚ್ಚಿ ತಲೆಯಾಡಿಸಿ ಹೋದರು. ನನಗೆ ಯಾರೂ ಯಾವ ಕಟ್ಟಳೆಯನ್ನೂ ಹೇಳಲಿಲ್ಲ. ಚಳಿಗಾಲವಿಡೀ ಆ ಸಾಲು ನನ್ನ ಕೈಯಲ್ಲಿತ್ತು. ಕೆಲವು ದಿನ ಸಿಮೋನ್ ಇಳಿಯುತ್ತಿರಲಿಲ್ಲ. ತಲೆನೋವಿರಬೇಕು ಎಂದುಕೊಂಡು ಎರಡೂ ಸಾಲು ನಾನೇ ತುಂಬಿ ಬರುತ್ತಿದ್ದೆ. ಬಿರಡೆ ತೆಗೆದಾಗ ಏಳುತ್ತಿದ್ದ ವಾಸನೆಗೆ ಮೊದಮೊದಲು ತಲೆ ತಿರುಗುತ್ತಿತ್ತು, ಬರಬರುತ್ತ ಹಿತವೆನಿಸಿತು. ಓಣಿಯವರಿಗೆ ಇಷ್ಟು ಒಪ್ಪಿಕೊಳ್ಳುತ್ತೇನೆ, ವಾಸನೆ ಮಾತ್ರ ಹೊಟ್ಟೆ ತುಂಬ ಕುಡಿದಿದ್ದೇನೆ.

ಮೇಲಿನ ಅಡುಗೆಮನೆ

ಕೂಡಿಸುವ ದಿನವನ್ನು ಮನುಷ್ಯರು ಗೊತ್ತುಮಾಡುವುದಿಲ್ಲ, ಗಾಳಿ ಮಾಡುತ್ತದೆ. ಬಡಗಣ ಗಾಳಿ ಬೀಸಿ ಆಕಾಶ ನಿಚ್ಚಳವಾದರೆ ಪೀಪಾಯಿಯೊಳಗೆ ವೈನ್ ತಿಳಿಯಾಗುತ್ತದಂತೆ. ಮಾರ್ಚ್ ತಿಂಗಳಲ್ಲಿ ಒಂದು ಶನಿವಾರ ಬೆಳಿಗ್ಗೆ ಅಂಥ ಗಾಳಿ ಎದ್ದಿತು. ಮದಾಮ್ ಬೋರ್ಡೋಗೆ ಟೆಲಿಫೋನ್ ಮಾಡಿದರು. ಹತ್ತು ಗಂಟೆಗೆ ಆಂದ್ರೆ ಬಂದ, ಜೊತೆಗೆ ವೈನ್ ರುಚಿ ನೋಡಿ ಬೆಲೆ ಕಟ್ಟುವ ಬಿಳಿ ಮೀಸೆಯ ದಲಾಲಿ. ಆ ಊರಿನಲ್ಲಿ ಅವರ ನಾಲಿಗೆಯೇ ಕೋರ್ಟು.

ನಾನು ಅಕ್ಕಿ ಆರಿಸುತ್ತಿದ್ದೆ. ಸಿಮೋನ್ ಬಾಗಿಲು ತಳ್ಳಿಕೊಂಡು ಬಂದು ಸ್ಟೂಲಿನ ಮೇಲೆ ಕುಳಿತು ಅಳತೊಡಗಿದಳು. ಕೆಳಗೆ ಹೋಗಲಿಲ್ಲವೇ ಎಂದೆ. ತಲೆ ಅಲ್ಲಾಡಿಸಿದಳು. ಯಾರಾದರೂ ಸತ್ತರೇ ಎಂದು ಕೇಳಿದೆ. ಇಲ್ಲ ಎಂದಳು. ಆಮೇಲೆ ಬಿಕ್ಕುತ್ತ, "ಇಂಗ್ಲಿಷ್ ಮಂದಿ ಬಂದು ಇಳದಾರ" ಎಂದಳು. ಏನೆಂದು ಬಿಡಿಸಿ ಹೇಳಿದ ಮೇಲೆ ತಿಳಿಯಿತು. ಅವರ ಕೆಂಪು ಕೋಟಿನ ಸೈನ್ಯದ ಮೇಲಿಂದ ಹುಟ್ಟಿದ ಹೆಂಗಸರ ಗುಟ್ಟಿನ ಮಾತು, ತಿಂಗಳ ಮುಟ್ಟು. ನಮ್ಮಲ್ಲಿ ಕಾಗೆ ಮುಟ್ಟಿತು ಎನ್ನುತ್ತಾರೆ ಎಂದೆ. ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಆದರೆ ಅಳುವುದೇಕೆ ಎನ್ನುವುದು ನನಗಿನ್ನೂ ತಿಳಿದಿರಲಿಲ್ಲ.

ಅವಳು ಹೇಳಿದ್ದು ಇಷ್ಟು. ಆ ದಿನಗಳಲ್ಲಿ ಹೆಂಗಸು ನೆಲಮಾಳಿಗೆಗೆ ಕಾಲಿಟ್ಟರೆ ವೈನ್ ತಿರುಗುತ್ತದೆ, ಎಂದರೆ ಕೆಡುತ್ತದೆ, ಮುಟ್ಟಿದರಂತೂ ಮುಗಿದೇ ಹೋಯಿತು. ಬಡಿಗನ ಕಾಲದಿಂದ ಬಂದ ಕಟ್ಟಳೆ. ಕೂಡಿಸುವ ದಿನ ಯಾವಾಗ ಬರುತ್ತದೋ ಗೊತ್ತಿಲ್ಲ, ಆ ದಿನ ಹೊರಗೆ ಕೂರಬೇಕಾಗಿ ಬರುವವರನ್ನು ನಂಬಿ ಮನೆ ಕೊಡುವುದು ಹೇಗೆ? ಅದಕ್ಕೇ ಆ ಮನೆಯಲ್ಲಿ ಹೆಣ್ಣು ಎಂದೂ ವೈನ್ ಕೂಡಿಸಿಲ್ಲ. ಅವ್ವನಿಗೆ ಸುಳ್ಳು ಹೇಳಿ ಇಳಿಯಬಹುದಿತ್ತಲ್ಲ ಎಂದರೆ ಅವಳು ಗಾಬರಿಯಾದಳು. "ಖರೇನ ಕೆಟ್ರ? ಅಷ್ಟೂ ವೈನ್ ನನ್ನ ಕೈಲೆ ಕೆಡಸ್ಲೇನು?" ಎಂದಳು. ಅವಳೂ ಅದನ್ನು ನಂಬಿದ್ದಳು.

ನನಗೆ ಮುದ್ದೇಬಿಹಾಳದ ಸುಶೀಲಾ ನೆನಪಾದಳು. ನಮ್ಮ ಪಕ್ಕದ ಮನೆಯವಳು, ಮಡಿಯ ಮನೆತನ. ಇಡೀ ಕ್ಲಾಸಿಗೆ ಗಣಿತದಲ್ಲಿ ಮುಂದಿದ್ದವಳು ಪರೀಕ್ಷೆಯ ದಿನ ಹಿತ್ತಲ ಕಟ್ಟೆಯ ಮೇಲೆ ಮೊಣಕಾಲಿಗೆ ಗದ್ದ ಹಚ್ಚಿ ಕುಳಿತಿದ್ದಳು. ನಾನು ಶಾಲೆಗೆ ಹೋಗುತ್ತ ಅವಳ ಮುಖ ನೋಡಲಾರದೆ ನೆಲ ನೋಡಿಕೊಂಡು ಹೋಗಿದ್ದೆ. ನಮ್ಮ ಮನೆಯಲ್ಲಿ ಇದೊಂದೂ ಇಲ್ಲ. ಕೊರಳಲ್ಲಿ ಲಿಂಗ ಇದ್ದವರಿಗೆ ಆ ಸೂತಕವಿಲ್ಲ ಎಂದು ತವರಿನಲ್ಲೂ ನಡೆಸಿದರು, ಬಾಗೇವಾಡಿಯಲ್ಲೂ ನಡೆಸಿದರು. ಆ ದಿನಗಳೂ ನನಗೆ ಉಳಿದ ದಿನಗಳ ಹಾಗೆಯೇ, ಪೂಜೆಗೂ ಕುಳಿತೆ, ಉಪ್ಪಿನಕಾಯಿಯನ್ನೂ ಹಾಕಿದೆ.

ಆಗಲೇ ನನಗೆ ಹೊಳೆದದ್ದು. ನಾನು ಅಕ್ಕಿಯ ಮೊರ ಕೆಳಗಿಟ್ಟೆ.

"ಸಿಮೋನ್, ನಾ ಚಳಿಗಾಲ ಪೂರಾ ಇಳದೇನಿ. ಆ ದಿನಾನೂ ಇಳದೇನಿ. ಎಡಗಡೆ ಸಾಲೆಲ್ಲ ನನ್ನ ಕೈಲೇನ ತುಂಬೇನಿ."

ಅವಳು ಅಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆ ಸಾಲನ್ನು ತಾನು ಮೊನ್ನೆ ರುಚಿ ನೋಡಿದೆ ಎಂದಳು. ಇಡೀ ನೆಲಮಾಳಿಗೆಯಲ್ಲಿ ಅದೇ ಎಲ್ಲಕ್ಕಿಂತ ಒಳ್ಳೆಯದು ಎಂದಳು. ಹೇಳಿದ್ದು ತನಗೇ ಕೇಳಿಸಿದವಳಂತೆ ಎದ್ದು ನಿಂತಳು.

ನಮ್ಮವರು ಒಳಕೋಣೆಯಲ್ಲಿದ್ದರು. ಕೆಳಗೆ ಬಂದು ಇದನ್ನು ಮದಾಮರಿಗೆ ಫ್ರೆಂಚಿನಲ್ಲಿ ಹೇಳಬೇಕು ಎಂದಾಗ ಅವರ ಮುಖ ಬಿಳಚಿಕೊಂಡಿತು.

"ಹುಚ್ಚಿ ಇದ್ದಿಯೇನು? ಗಂಡಸ್ರು ಕುಂತಾರ ಅಲ್ಲಿ. ಮ್ಯಾಲೆ ಮನಿ ಬಿಡು ಅಂದ್ರ ಹೆಂಗ? ನನ್ನ ಅಭ್ಯಾಸ ಇನ್ನೂ ಅರ್ಧಾ ಐತಿ."

"ನೀವು ಬಳ್ಳಿ ರೋಗದ ಮಾತು ಹೇಳಿದಂಗ ಹೇಳ್ರಿ. ಮನಿ ಬಿಡಿಸಿದ್ರ ಬಿಡಸ್ಲಿ" ಎಂದೆ. ಸುಶೀಲಳ ಮುಂದೆ ನೆಲ ನೋಡಿಕೊಂ‌ಡು ಹೋದದ್ದು ಒಂದು ಸಲಕ್ಕೆ ಸಾಕಾಗಿತ್ತು.

ಮೆಟ್ಟಿಲ ಕೆಳಗೆ

ನೆಲಮಾಳಿಗೆಯ ಮೆಟ್ಟಿಲ ಮೇಲ್ಗಡೆ ಮದಾಮ್ ಒಂದು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಕೂಡಿಸುವ ದಿನ ಅವರು ಅಲ್ಲಿಂದ ಮುಂದೆ ಹೋಗುತ್ತಿರಲಿಲ್ಲ. ಮಗಳು ನಮ್ಮ ಹಿಂದೆ ಬಂದದ್ದನ್ನು ನೋಡಿ ಕೈ ಅಡ್ಡ ಹಿಡಿದರು. ಕೆಳಗೆ ಮೇಜಿನ ಮೇಲೆ ಗಾಜಿನ ಲೋಟಗಳು, ಅಳತೆಯ ಸೀಸೆಗಳು. ದಲಾಲಿ ಆಗಷ್ಟೇ ಬಾಯಲ್ಲಿದ್ದದ್ದನ್ನು ಬಕೆಟ್ಟಿಗೆ ಉಗುಳಿ, ಎಡಗಡೆಯ ಸಾಲು ಈ ವರ್ಷದ ಬೆನ್ನೆಲುಬು, ಅದನ್ನೇ ಹೆಚ್ಚು ಹಾಕಿ ಕೂಡಿಸಬೇಕು ಎನ್ನುತ್ತಿದ್ದರು. ಆಂದ್ರೆಯೂ ಹೌದೆಂದ.

ನಮ್ಮವರು ಒಮ್ಮೆ ಕೆಮ್ಮಿದರು. ಆಮೇಲೆ ನಾನು ಹೇಳಿದ್ದನ್ನು ಹೇಳಿದರು. ನಿಜವಾಗಿಯೂ ರೋಗದ ವರದಿ ಓದಿದ ಹಾಗೆಯೇ ಹೇಳಿದರು, ಯಾರ ಮುಖವನ್ನೂ ನೋಡದೆ, ಕಿವಿ ಕೆಂಪಗೆ ಮಾಡಿಕೊಂಡು. ಆಂದ್ರೆ ಕೈಯಲ್ಲಿದ್ದ ಲೋಟವನ್ನು ಮೈಲಿಗೆಯಾದದ್ದರಂತೆ ದೂರ ಇಟ್ಟ. ಇಡೀ ಸಾಲನ್ನು ಹೊಳೆಗೆ ಚೆಲ್ಲಬೇಕು ಎಂದ.

ದಲಾಲಿ ಎದ್ದು ಹೋಗಿ ಎಡಗಡೆಯ ಪೀಪಾಯಿಯಿಂದ ಮತ್ತೆ ಒಂದಿಷ್ಟು ತೆಗೆದರು. ಬೆಳಕಿಗೆ ಹಿಡಿದರು, ಮೂಸಿದರು, ಬಾಯಾಡಿಸಿದರು. ಈ ಸಲ ಉಗುಳಲಿಲ್ಲ, ನುಂಗಿದರು. "ಐದ ನಿಮಿಷದ ಹಿಂದ ಛಲೋ ಇತ್ತು. ಈಗೂ ಛಲೋ ಐತಿ" ಎಂದರು.

ಮದಾಮ್ ನನ್ನತ್ತ ನೋಡಿದರು. ಸಿಟ್ಟಿನ ನೋಟ ಎಂದುಕೊಂಡೆ. ಅವರು ಕೇಳಿದ್ದು ಒಂದೇ ಪ್ರಶ್ನೆ, ಒಂದೂ ಪೀಪಾಯಿ ತಿರುಗಲಿಲ್ಲವೇ ಎಂದು. ಒಂದೂ ಇಲ್ಲ ಎಂದೆ. ಅಡ್ಡ ಹಿಡಿದಿದ್ದ ಕೈಯನ್ನು ಅವರು ಮೆಲ್ಲಗೆ ಇಳಿಸಿದರು. "ಹೋಗು" ಎಂದರು ಮಗಳಿಗೆ. "ಕೂಡಸು."

ಸಿಮೋನ್ ಮೆಟ್ಟಿಲು ಇಳಿದಳು, ನಾವೂ ಅವಳ ಹಿಂದೆ ಇಳಿದೆವು. ಅವಳು ಲೋಟ ಎತ್ತಿಕೊಂಡಳು. ಇದರಿಂದ ಇಷ್ಟು, ಅದರಿಂದ ಅಷ್ಟು ಎಂದು ಅಳೆದು ಒಂದು ಸೀಸೆಯಲ್ಲಿ ಕೂಡಿಸಿದಳು. ಅಷ್ಟರಲ್ಲಿ ಆಂದ್ರೆಯೂ ಕೂಡಿಸಿದ್ದ, ಅದು ಇನ್ನೊಂದು ಸೀಸೆಯಲ್ಲಿತ್ತು. ದಲಾಲಿ ಎರಡನ್ನೂ ರುಚಿ ನೋಡಿ ಸಿಮೋನಳ ಸೀಸೆಯನ್ನು ಮುಂದಕ್ಕೆ ಸರಿಸಿದರು. ಆಂದ್ರೆ ತಾನೂ ನೋಡಿದ. ಲೋಟ ಕೆಳಗಿಟ್ಟು ತನ್ನ ಟೋಪಿ ಹುಡುಕತೊಡಗಿದ. ಅವನ ನಾಲಿಗೆ ಕೆಟ್ಟದ್ದೇನಲ್ಲ, ಸುಳ್ಳು ಹೇಳಲು ಅದು ಒಪ್ಪಲಿಲ್ಲ.

ಅಷ್ಟರಲ್ಲಿ ಕುರ್ಚಿ ಸರಿದ ಸಪ್ಪಳವಾಯಿತು. ಮದಾಮ್ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದರು. ಮೇಜಿನ ಹತ್ತಿರ ನಿಂತು ಒಂದು ಲೋಟ ಕೇಳಿದರು. ಸಿಮೋನ್ ತನ್ನದನ್ನೇ ಕೊಟ್ಟಳು. ಮೂಸಿದರು, ಒಂದು ಗುಟುಕು ಬಾಯಲ್ಲಿ ಹಿಡಿದರು, ಉಗುಳಿದರು.

"ಬಲಗಡಿ ಮೂಲ್ಯಾಗಿನ ಪೀಪಾಯಿ" ಎಂದರು. "ಅದರಾಗಿಂದ ಒಂದ ಚೂರು ಹಾಕು. ಇದರ ರುಚಿಗೆ ಕಡೀತನಕ ನಿಂದ್ರಾಕ ಬಲ ಇಲ್ಲ."

ಸಿಮೋನ್ ಹಾಕಿದಳು. ತಾನು ನೋಡಿದಳು, ಲೋಟವನ್ನು ದಲಾಲಿಗೆ ಕೊಟ್ಟಳು. ಅವರು ರುಚಿ ನೋಡಿದರು. ಆಮೇಲೆ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕಾಕಾನಿಗೂ ಇಂಥದು ಸಾಧಿಸಿರಲಿಲ್ಲ ಎಂದು ಸಿಮೋನ್ ನನ್ನ ಕಿವಿಯಲ್ಲಿ ಹೇಳಿದಳು. ಅವಳ ಕಣ್ಣುಗಳು ಮತ್ತೆ ತುಂಬಿದ್ದವು.

"ಅವ್ವಾ, ನಿನಗ ಬರ್ತಿತ್ತು. ಇಷ್ಟ ವರ್ಷ ಯಾಕ ಹೇಳ್ಲಿಲ್ಲ?"

ಮದಾಮ್ ಲೋಟವನ್ನು ಮೇಜಿನ ಮೇಲಿಟ್ಟು ತಮ್ಮ ಕರಿಯ ಉಡುಪಿಗೆ ಕೈ ಒರೆಸಿಕೊಂಡರು.

"ನಾ ಪ್ರತೀ ವರ್ಷ ಕೂಡಿಸೇನಿ" ಎಂದರು. "ಮೆಟ್ಟಲ ಮ್ಯಾಲೆ ಕುಂತು, ವಾಸನಿ ಮ್ಯಾಲೆ, ಮನಸಿನ್ಯಾಗ."

ನಮ್ಮವರು ಅದನ್ನು ನನಗೆ ಕನ್ನಡಕ್ಕೆ ತಿರುಗಿಸಿ ಹೇಳಿದರು. ಮನೆ ಸಿಮೋನಳಿಗೆ ಬಂತು, ಮಾರಾಟದ ಮಾತು ಅಲ್ಲಿಗೇ ಮುಗಿಯಿತು, ಅದೆಲ್ಲ ಸಂತೋಷವೇ. ಆದರೆ ಆ ಹೊತ್ತಿಗೆ ನನಗೆ ಬಂದದ್ದು ಸಂಕಟ. ಮೈದುನ ಕೂಡಿಸಿದ ಅಷ್ಟೂ ವರ್ಷಗಳ ವೈನನ್ನು ಜನ ಕುಡಿದು, ಹೊಗಳಿ, ಮರೆತಿದ್ದರು. ಮದಾಮ್ ಕೂಡಿಸಿದ್ದನ್ನು ಯಾರೂ ಕುಡಿದಿರಲಿಲ್ಲ.